ಮತ್ತೆ ಬರೆಯಬೇಕು
ನಿವೃತ್ತಿಯ ನಂತರ ಬರೆದಿಟ್ಟ ಊರಿನ, ಶಾಲೆಯ ನೆನಪುಗಳೆಲ್ಲ ಹಾರ್ಡ್ ಡಿಸ್ಕ್ ಕೆಟ್ಟಾಗ ಅಳಿದುಹೋದವು. ‘ಈ ವಯಸ್ಸಿನಲ್ಲಿ ಮತ್ತೆ ಬರೆಯುವುದೇಕೆ?’ ಎಂದು ಮಿತ್ರರು ಕೇಳುತ್ತಾರೆ. ಬರೆಯಲೇಬೇಕು ಎಂಬುದು ನನ್ನ ನಿಲುವು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು 1898ರಲ್ಲಿ ಕೆ. ಬಿ. ಪಾಠಕರಿಂದ ಅಚ್ಚಾಯಿತು. ಅಲ್ಲಿಯವರೆಗೆ ಅದನ್ನು ಕಾಯ್ದವರು, ಓಲೆ ಜೀರ್ಣವಾಗುವ ಮುನ್ನವೇ ಹೊಸ ಪ್ರತಿ ಮಾಡುತ್ತ ಬಂದ ಲಿಪಿಕಾರರು. ಫ. ಗು. ಹಳಕಟ್ಟಿಯವರು ಓಲೆಗಳನ್ನು ಅರಸಿ ಸಂಗ್ರಹಿಸದಿದ್ದರೆ 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರಬರುತ್ತಿರಲಿಲ್ಲ.

ಗಣಕಯಂತ್ರವೂ ಓಲೆಯಂತೆ ನಶ್ವರವೇ. ಆದ್ದರಿಂದ ಬರೆದುದರ ಒಂದು ಪ್ರತಿ ಪೆನ್ ಡ್ರೈವಿನಲ್ಲಿ, ಒಂದು ಕಾಗದದಲ್ಲಿ, ಒಂದು ಮಕ್ಕಳ ಮನೆಯಲ್ಲಿ ಇರಲಿ. ಹಳೆಯ ‘ನುಡಿ’, ‘ಬರಹ’ ಕಡತಗಳು ಯೂನಿಕೋಡಿಗೆ ಬದಲಾಗಲಿ. ಅಳಿದ ಪುಟಗಳು ಮರಳಲಾರವು. ನೆನಪು ಮಾತ್ರ ಇನ್ನೂ ಉಳಿದಿದೆ. ಅದು ಮಾಸುವ ಮೊದಲು ಬರೆಯತೊಡಗಿದ್ದೇನೆ.