ಹುಳವಲ್ಲ ಮಗೂ, ಅದು ಬ್ಯಾಕ್ಟೀರಿಯಾ!

ಕೈ ತೊಳೆಯದಿದ್ದರೆ ‘ಹೊಟ್ಟೆಗೆ ಹುಳ ಹೋಗುತ್ತೆ’ ಎಂದು ಮಕ್ಕಳನ್ನು ಹೆದರಿಸುವುದು ಎಲ್ಲ ತಾಯಂದಿರ ವಾಡಿಕೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮಗುವಿಗೆ ಹುಳವೆಂದರೆ ಅನ್ನ ಕೊಡುವ ರೇಷ್ಮೆಹುಳ. ಹಳ್ಳಿಗಳಲ್ಲಿ ಹುಳ ಸಾಕುವವರು ಎಷ್ಟೋ ಮಂದಿ. ರಾಮನಗರದ ಮಾರುಕಟ್ಟೆಯಿಂದ ಗೂಡು ತಂದು ನೂಲು ತೆಗೆಯುವವರಲ್ಲಿ ಮುಸ್ಲಿಮ್ ಕುಟುಂಬಗಳು ಬಹಳ. ಹಾಗಾದರೆ ಒಂದನೇ, ಎರಡನೇ ತರಗತಿಯ ಮಗುವಿಗೆ ಕಣ್ಣಿಗೆ ಕಾಣದ ಜೀವಿಗಳ ಪಾಠವನ್ನು ಈ ಹುಳದಿಂದಲೇ ಏಕೆ ಆರಂಭಿಸಬಾರದು?

ಹುಳಕ್ಕೂ ಕಾಯಿಲೆ ಬರುತ್ತದೆ ಎಂದು ಹೇಳಿ. ಸುಣ್ಣಕಟ್ಟು ರೋಗ ತಗಲಿದ ಹುಳ ಸತ್ತು, ಗಟ್ಟಿಯಾಗಿ, ಸೀಮೆಸುಣ್ಣದಂತೆ ಬೆಳ್ಳಗಾಗುತ್ತದೆ. ಇದಕ್ಕೆ ಕಾರಣ ಎಳೆ ಎಳೆಯಾಗಿ ಬೆಳೆಯುವ ಶಿಲೀಂಧ್ರ. ಹಳೆಯ ಬ್ರೆಡ್ಡಿನ ಬೂಷ್ಟೂ, ಮಳೆಗಾಲದ ಅಣಬೆಯೂ ಅದರ ನೆಂಟರೇ. ಸೂಕ್ಷ್ಮಜೀವಿಯಿಂದ ಪ್ರಾಣಿಗಳಿಗೆ ರೋಗ ಬರುತ್ತದೆಂದು 1835ರಲ್ಲಿ ಇಟಲಿಯ ಅಗೊಸ್ಟಿನೊ ಬಾಸಿ ತೋರಿಸಿಕೊಟ್ಟದ್ದು ಇದೇ ರೋಗವನ್ನು ಪರೀಕ್ಷಿಸಿ.

ಸಪ್ಪೆ ರೋಗದ ಹುಳವಾದರೋ ಸೊಪ್ಪು ತಿನ್ನದೆ, ಮೆತ್ತಗಾಗಿ ಕೊಳೆಯುತ್ತದೆ. ಇಲ್ಲಿ ಬ್ಯಾಕ್ಟೀರಿಯಾಗಳ ಕೈವಾಡವಿದೆ; ವೈರಸ್‌ಗಳೂ ಸೇರಿಕೊಳ್ಳುತ್ತವೆ. ಬ್ಯಾಕ್ಟೀರಿಯಾಕ್ಕೆ ಒಂದೇ ಜೀವಕೋಶ. ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ರೋಗದ ಹುಳಗಳನ್ನು ತಟ್ಟೆಯಲ್ಲೇ ಬಿಟ್ಟರೆ ಇಡೀ ಬೆಳೆ ಕೈತಪ್ಪಬಹುದು. ಸಾಲ ಮಾಡಿ ಹುಳ ಮೇಯಿಸಿದ ಮನೆಗೆ ಅದರ ನೋವು ಗೊತ್ತು. ಅದಕ್ಕೇ ಹುಳು ಮನೆಯನ್ನು ಬ್ಲೀಚಿಂಗ್ ಪೌಡರ್‌ನಿಂದ ಶುಚಿಗೊಳಿಸುತ್ತಾರೆ, ಕೈ ತೊಳೆದೇ ಸೊಪ್ಪು ಹಾಕುತ್ತಾರೆ. “ಹುಳಕ್ಕೇ ಇಷ್ಟು ಜೋಪಾನವಾದರೆ ನಿನಗೆ ಎಷ್ಟು ಬೇಕು?” ಎಂದು ಮಗುವನ್ನೇ ಕೇಳಿ.

ಆದರೆ ಭಯವೊಂದೇ ಉಳಿಯಬಾರದು. ಎರಡು ಬಟ್ಟಲುಗಳಲ್ಲಿ ಕಾಯಿಸಿದ ಉಗುರುಬೆಚ್ಚಗಿನ ಹಾಲಿಡಿ. ಒಂದಕ್ಕೆ ಮಾತ್ರ ಮಗುವಿನ ಕೈಯಿಂದ ಹೆಪ್ಪು ಹಾಕಿಸಿ. ಬೆಳಿಗ್ಗೆ ಮೊಸರಾದದ್ದು ಯಾವುದೆಂದು ಅದೇ ಹೇಳಲಿ. “ಅಮ್ಮೀ, ಮೊಸರಿನಲ್ಲೂ ಬ್ಯಾಕ್ಟೀರಿಯಾನಾ?” ಎಂದು ಕೇಳಿದರೆ “ಹೌದು, ಇವು ಒಳ್ಳೆಯವು” ಎನ್ನಿ. ಇಡ್ಲಿ ಹಿಟ್ಟು ಉಬ್ಬುವುದೂ ಇಂಥವುಗಳಿಂದಲೇ.

ಇನ್ನೊಂದು ಪ್ರಯೋಗ: ಎರಡು ಬ್ರೆಡ್ ತುಂಡುಗಳಲ್ಲಿ ಒಂದನ್ನು ಗರಿಗರಿಯಾಗಿ ಕಾಯಿಸಿ, ಇನ್ನೊಂದಕ್ಕೆ ನೀರು ಚಿಮುಕಿಸಿ, ಬೇರೆ ಬೇರೆ ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿಡಿ. ಒಂದು ವಾರ ಹೊರಗಿನಿಂದಲೇ ನೋಡಲಿ. ಬೂಷ್ಟಿಗೆ ತೇವ ಇಷ್ಟವೆಂದು ತಾನೇ ಕಂಡುಕೊಳ್ಳುತ್ತದೆ. ಚೀಲ ಬಿಚ್ಚದೆ ಹಾಗೆಯೇ ಎಸೆಯಿರಿ.

ಹೆದರಿದ ಮಗು ಅಮ್ಮ ನೋಡುವಾಗ ಮಾತ್ರ ಕೈ ತೊಳೆಯುತ್ತದೆ. ಕಾರಣ ತಿಳಿದ ಮಗು ಶಾಲೆಯ ನಲ್ಲಿಯ ಬಳಿಯೂ ತೊಳೆಯುತ್ತದೆ.