ಜ್ವರಕ್ಕೆ ಕುಳಿತ ಹುಳುವೂ ನಿದ್ದೆಗೆಟ್ಟ ವಿದ್ಯಾರ್ಥಿಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು. ಹುಳು ಗೂಡು ಕಟ್ಟುವುದಕ್ಕೆ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಇದನ್ನು ನಮ್ಮವರು ಜ್ವರವೆಂದು ಕರೆಯುವರು. ಆಗ ಅದು ಸೊಪ್ಪನ್ನು ಮುಟ್ಟದೆ, ತಲೆಯೆತ್ತಿ ನಿಶ್ಚಲವಾಗಿ ಕುಳಿತಿರುತ್ತದೆ. ನೋಡುವವರಿಗೆ ಸೋಮಾರಿತನ, ಒಳಗೆ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ. ಆ ಹೊತ್ತಿನಲ್ಲಿ ತಟ್ಟೆಯನ್ನು ಅಲುಗಿಸಲು ಯಾವ ರೈತನೂ ಬಿಡನು. ಅದೇ ಮನೆಯ ಮಗನೋ ಮಗಳೋ ಹೊದಿಕೆಯೊಳಗೆ ಮೊಬೈಲು ಹಿಡಿದು ರಾತ್ರಿ ಒಂದು ಗಂಟೆಯವರೆಗೆ ರೀಲುಗಳನ್ನು ನೋಡುತ್ತಿದ್ದರೆ ಮಾತ್ರ ಕೇಳುವವರಿಲ್ಲ.

ಇದಕ್ಕೆಲ್ಲ ಪರದೆಯ ನೀಲಿ ಬೆಳಕೇ ಕಾರಣವೆಂದು ಹೇಳುವುದುಂಟು. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದು ಅರ್ಧ ಸತ್ಯವೆಂದು ತೋರುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ, ಮುಖ್ಯವಾಗಿ ಹಗಲಿರುಳುಗಳ ಅರಿವಿಗಾಗಿ ಇರುವ ಕೆಲವು ಕೋಶಗಳುಂಟು. ಸುಮಾರು 480 ನ್ಯಾನೊಮೀಟರ್ ಅಲೆಯುದ್ದದ ನೀಲಿ ಬೆಳಕಿಗೆ ಅವು ಅತಿ ಹೆಚ್ಚಾಗಿ ಸ್ಪಂದಿಸುತ್ತವೆ. ಅವುಗಳ ಸೂಚನೆ ಮೆದುಳನ್ನು ಮುಟ್ಟಿದೊಡನೆ, ದೇಹವನ್ನು ನಿದ್ದೆಗೆ ಅಣಿಗೊಳಿಸುವ ಮೆಲಟೊನಿನ್ ಸ್ರಾವ ತಗ್ಗುತ್ತದೆ. ಆದರೆ 2014ರ ಕೊನೆಯಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಪ್ರಯೋಗವೊಂದನ್ನು ನೋಡಿರಿ. ಮಲಗುವ ಮುನ್ನ ನಾಲ್ಕು ಗಂಟೆ ಬೆಳಗುವ ಪರದೆಯಲ್ಲಿ ಓದಿದವರಿಗೆ ಮೆಲಟೊನಿನ್ ಏರಿಕೆ ಸುಮಾರು ಒಂದೂವರೆ ಗಂಟೆ ಹಿಂದೆ ಬಿದ್ದಿತು. ಆದರೂ, ಕಾಗದದ ಪುಸ್ತಕ ಓದಿದಾಗಿಗಿಂತ ಅವರಿಗೆ ನಿದ್ದೆ ಹತ್ತಿದುದು ಸುಮಾರು 10 ನಿಮಿಷ ಮಾತ್ರ ತಡವಾಗಿ! ಅವರನ್ನು ಗೊತ್ತಾದ ಹೊತ್ತಿಗೆ ದೀಪವಾರಿಸಿ ಮಲಗಿಸಲಾಗಿತ್ತೆಂಬುದನ್ನು ಮರೆಯಬಾರದು. ನಮ್ಮ ಹುಡುಗರ ದೀಪವನ್ನು ಆರಿಸುವವರಾರು?

ಗಂಟೆಗಳನ್ನು ಕದಿಯುವುದು ಮುಗಿಯದ ಪುಟ. ಪುಸ್ತಕಕ್ಕೆ ಅಧ್ಯಾಯದ ಕೊನೆಯುಂಟು, ಸಿನಿಮಾಕ್ಕೆ ‘ಶುಭಂ’ ಉಂಟು. ಇನ್‌ಸ್ಟಾಗ್ರಾಮಿಗೆ ಅದಾವುದೂ ಇಲ್ಲ. ಪರದೆಗೆ ಹಳದಿ ಬಣ್ಣ ಬಳಿದುಕೊಂಡ ಮಾತ್ರಕ್ಕೆ ಯಾರು ಮೆಚ್ಚಿದರು, ಯಾರು ಮೆಚ್ಚಲಿಲ್ಲವೆಂಬ ತಳಮಳ ಅಡಗದು. ಹದಿಹರೆಯದವರಿಗೆ 8ರಿಂದ 10 ಗಂಟೆಗಳ ನಿದ್ದೆ ಅವಶ್ಯಕ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಾದರೋ ಯಾರಿಗಾಗಿಯೂ ಕಾಯದು.

ಮೊಬೈಲಿನಿಂದ ಮನಸ್ಸು ಕುಗ್ಗುವುದೋ, ಕುಗ್ಗಿದ ಮನಸ್ಸಿನವರೇ ಮೊಬೈಲನ್ನು ಹೆಚ್ಚು ಆಶ್ರಯಿಸುವರೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಎರಡೂ ಇರಬಹುದು. ನಿದ್ದೆಗೆಟ್ಟರೆ ಸಿಡುಕೂ ಖಿನ್ನತೆಯೂ ಹೆಚ್ಚುವುವೆಂಬುದರಲ್ಲಿ ಮಾತ್ರ ವಿವಾದವಿಲ್ಲ. ತಂತ್ರಜ್ಞಾನದ ಅತಿಬಳಕೆಯಿಂದ ಬಳಲುವವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ವಿದ್ಯಾರ್ಥಿಗಳನ್ನಷ್ಟೇ ದೂರುವುದು ನ್ಯಾಯವಲ್ಲ. ರಾತ್ರಿ ಎಂಟರ ನಂತರ ಯಾವ ಕಾಲೇಜೂ ವಾಟ್ಸಾಪಿನಲ್ಲಿ ಸೂಚನೆ ಕಳುಹಿಸಕೂಡದು. ಮನೆಯಲ್ಲಿ, ಹಿರಿಯರದೂ ಸೇರಿ ಎಲ್ಲರ ಮೊಬೈಲುಗಳೂ ನಡುಮನೆಯಲ್ಲಿಯೇ ಚಾರ್ಜಾಗಲಿ. ಬೆಳಗ್ಗೆ ಎಬ್ಬಿಸುವುದಕ್ಕೆ ಮೊಬೈಲು ಬೇಕೆನ್ನುವವರಿಗೆ, ಅಲಾರಂ ಗಡಿಯಾರ ಅಂಗಡಿಗಳಲ್ಲಿ ಈಗಲೂ ದೊರೆಯುತ್ತದೆ.