ಡ್ರೋನ್ ಕನಸಿನ ಮುಂದೆ ಒಂದು ಟೊಮೆಟೊ ಕ್ರೇಟ್

ಸರಕು ಸಾಗಣೆಯಲ್ಲಿ ಹೊಸ ತಂತ್ರಜ್ಞಾನ ಎಂದರೆ ನಮ್ಮ ವಾಣಿಜ್ಯ, ಎಂಬಿಎ ವಿದ್ಯಾರ್ಥಿಗಳ ಕಣ್ಣಿಗೆ ಕಟ್ಟುವುದು ಡ್ರೋನ್, ರೋಬಾಟ್, ಬ್ಲಾಕ್‌ಚೈನ್. ಸೆಮಿನಾರುಗಳಲ್ಲೂ ಪ್ರಾಜೆಕ್ಟ್ ವರದಿಗಳಲ್ಲೂ ಇವುಗಳದೇ ಮೆರವಣಿಗೆ. ಈ ಕುತೂಹಲ ತಪ್ಪಲ್ಲ, ಆದರೆ ಅದು ಯಂತ್ರದ ಮೇಲೆಯೇ ನೆಟ್ಟು ನಿಂತಿದೆ. ಈ ಕ್ಷೇತ್ರವನ್ನು ನಿಜಕ್ಕೂ ಬದಲಿಸಿದ್ದು ಯಂತ್ರಕ್ಕಿಂತ ಹೆಚ್ಚಾಗಿ, ಹತ್ತಾರು ಕೈಗಳು ಒಂದೇ ಅಳತೆಗೆ, ಒಂದೇ ನಿಯಮಕ್ಕೆ ಒಪ್ಪಿಕೊಂಡದ್ದು. ಪಾಠದಲ್ಲಿ ಈ ಅಂಶ ತೇಲಿಹೋಗುತ್ತಿದೆ.

1956ರ ಏಪ್ರಿಲ್‌ನಲ್ಲಿ ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ 'ಐಡಿಯಲ್ ಎಕ್ಸ್' ಹಡಗು 58 ಕಂಟೇನರ್‌ಗಳನ್ನು ಹೊತ್ತು ಹೊರಟಿತು. ಟನ್‌ಗೆ ಸುಮಾರು 5.83 ಡಾಲರ್ ತಗಲುತ್ತಿದ್ದ ಸರಕು ತುಂಬುವ ಖರ್ಚು 16 ಸೆಂಟ್‌ಗೆ ಇಳಿಯಿತು. ಹಡಗಿನಲ್ಲಿದ್ದದ್ದು ಬರೀ ಲೋಹದ ಪೆಟ್ಟಿಗೆ. ಅದು ಜಗತ್ತನ್ನು ಗೆದ್ದದ್ದು ಮಾತ್ರ, ಅದರ ರೂವಾರಿ ಮಾಲ್ಕಂ ಮೆಕ್ಲೀನ್ ತನ್ನ ಪೇಟೆಂಟನ್ನು ರಾಯಧನ ಕೇಳದೆ ಬಿಟ್ಟುಕೊಟ್ಟು, ಎಲ್ಲ ಬಂದರುಗಳಿಗೂ ಒಂದೇ ಅಳತೆ ನಿಗದಿಯಾದ ಮೇಲೆ. ಇದಕ್ಕೆ ತದ್ವಿರುದ್ಧವಾದ ಕಥೆ ಟ್ರೇಡ್‌ಲೆನ್ಸ್‌ನದು. ಹಡಗು ಕಂಪನಿ ಮಾಯೆರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಹೊರತಂದ, ಸರಕು ದಾಖಲೆಗಳ ಈ ಬ್ಲಾಕ್‌ಚೈನ್ ವೇದಿಕೆಯನ್ನು ಮುಚ್ಚುವುದಾಗಿ 2022ರ ನವೆಂಬರ್‌ನಲ್ಲಿ ಘೋಷಿಸಲಾಯಿತು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಎಂದು ಮಾಯೆರ್ಸ್ಕ್ ತಾನೇ ಹೇಳಿಕೊಂಡಿತು. ತಂತ್ರಾಂಶ ಸಿದ್ಧವಿತ್ತು, ಒಪ್ಪಂದ ಕುದುರಲಿಲ್ಲ.

ಇದೇ ಪಾಠ ಕೋಲಾರದ ಎಪಿಎಂಸಿ ಪ್ರಾಂಗಣದಲ್ಲೂ ಸಿಗುತ್ತದೆ. ಅಲ್ಲಿ ಟೊಮೆಟೊ ಹರಾಜು ಕೂಗುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ರೈತ, ಮಂಡಿ ಮಾಲೀಕ, ಹಮಾಲಿ, ದೂರದೂರಿನ ಖರೀದಿದಾರ ಎಲ್ಲರೂ ಆ ಒಂದೇ ಅಳತೆಯಲ್ಲಿ ಮಾತಾಡುತ್ತಾರೆ. ಆ ಬಾಕ್ಸನ್ನು, ಅಂದರೆ ಕ್ರೇಟನ್ನು, ಅಂಚಿನವರೆಗೆ ಮಾತ್ರ ತುಂಬಿದರೆ ಮೇಲಿನ ಕ್ರೇಟಿನ ಭಾರವನ್ನು ಕೆಳಗಿನದರ ಅಂಚು ಹೊರುತ್ತದೆ. ಒಂದು ಹಿಡಿ ಹೆಚ್ಚು ತುಂಬಿದರೆ ಆ ಭಾರವೆಲ್ಲ ಹಣ್ಣಿನ ಮೇಲೆ ಬಿದ್ದು, ಲಾರಿ ಊರು ಮುಟ್ಟುವಷ್ಟರಲ್ಲಿ ತಳದಲ್ಲಿ ರಸ ಸೋರುತ್ತದೆ. ಲಾರಿಗೆ ಎಷ್ಟೇ ದುಬಾರಿ ಜಿಪಿಎಸ್ ಹಾಕಿದರೂ ಈ ನಷ್ಟ ತಪ್ಪದು.

ಯುವಕರು ದೊಡ್ಡ ಕನಸು ಕಾಣಬಾರದೇ ಎಂಬ ಆಕ್ಷೇಪ ಸಹಜ. ಕಂಟೇನರ್ ಕೂಡ ಒಂದು ಕಾಲದ ಹುಚ್ಚು ಕನಸೇ. ಆದರೆ ಅದನ್ನು ಕಂಡವನು ಲಾರಿ ಉದ್ಯಮದಲ್ಲಿ ಪಳಗಿದವನು, ಸರಕು ಎಲ್ಲಿ ಕಾದು ಕೂರುತ್ತದೆಂದು ಬಲ್ಲವನು. ಒಪ್ಪಂದವೇಕೆ, ಸರ್ಕಾರ ಕಡ್ಡಾಯ ಮಾಡಿದರೆ ಸಾಲದೇ ಎನ್ನುವವರು ಫಾಸ್ಟ್ಯಾಗ್ ತೋರಿಸಬಹುದು. 2021ರ ಫೆಬ್ರುವರಿಯಲ್ಲಿ ಅದು ಕಡ್ಡಾಯವಾದದ್ದು ನಿಜ. ಆದರೆ ಯಾವ ಬ್ಯಾಂಕಿನ ಟ್ಯಾಗ್ ಆದರೂ ಯಾವ ಟೋಲ್‌ನಲ್ಲಾದರೂ ನಡೆಯುವ ಸಮಾನ ವ್ಯವಸ್ಥೆ ಇಲ್ಲದಿದ್ದರೆ ಆ ಆದೇಶ ಸಾಲುಗಳನ್ನು ಇನ್ನಷ್ಟು ಉದ್ದವಾಗಿಸುತ್ತಿತ್ತು. ಇನ್ನು ಕಂಪನಿಗಳು ಕೇಳುವುದೇ ಸಾಫ್ಟ್‌ವೇರ್ ಜ್ಞಾನವನ್ನು ಎಂಬ ವಾದ. ಅದನ್ನು ಕಲಿಸಲೇಬೇಕು. ಆದರೆ ಸಾಫ್ಟ್‌ವೇರ್ ಬದಲಾಗುತ್ತಲೇ ಇರುತ್ತದೆ. ಸರಕು ನಿಂತದ್ದೇಕೆ ಎಂದು ಕೇಳುವ ಅಭ್ಯಾಸ ಹಳತಾಗುವುದಿಲ್ಲ.

ಹಾಗಾಗಿ ಪ್ರಾಜೆಕ್ಟ್ ವರದಿಯ ಮೊದಲ ಅಧ್ಯಾಯವನ್ನು ಕಾಲೇಜುಗಳು ಬದಲಿಸಲಿ. ವಿದ್ಯಾರ್ಥಿ ತಂತ್ರಜ್ಞಾನದ ಹೆಸರೆತ್ತುವ ಮುನ್ನ ಒಂದೇ ಒಂದು ಕ್ರೇಟಿನ ಬೆನ್ನು ಹತ್ತಲಿ: ಎಷ್ಟು ಕೈ ದಾಟಿತು, ಎಲ್ಲಿ ಎಷ್ಟು ಗಂಟೆ ನಿಂತಿತು, ನಿಂತದ್ದರ ನಷ್ಟ ಯಾರ ತಲೆಗೆ ಬಿತ್ತು ಎಂದು ಬರೆಯಲಿ. ಅಷ್ಟಾದ ಮೇಲೂ ಡ್ರೋನೇ ಬೇಕೆನಿಸಿದರೆ, ಅದು ಎಲ್ಲಿಂದ ಎಲ್ಲಿಗೆ ಹಾರಬೇಕೆಂದಾದರೂ ಆತನಿಗೆ ಗೊತ್ತಿರುತ್ತದೆ.